ತುಪ್ಪದ ಖಂಡಪ್ಪನ ಮೂಗು

ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ತುಪ್ಪದ ಅಂಗಡಿ ಇಟ್ಟಿದ್ದ ಖಂಡಪ್ಪನಿಗೆ ದೇವರು ಕೊಟ್ಟ ದೊಡ್ಡ ಆಸ್ತಿಯೆಂದರೆ ಅವನ ಮೂಗು. ನೋಡಲು ಅದೇನು ಚೆಂದದ ಮೂಗಲ್ಲ. ತುದಿ ದಪ್ಪಗಾಗಿ, ನಡುವೆ ಸ್ವಲ್ಪ ಡೊಂಕಾಗಿ, ಅವಸರದಲ್ಲಿ ಯಾರೋ ಮೆತ್ತಿ ಹೋದಂತಿತ್ತು. ಆದರೆ ಅದರ ಕೆಲಸದ ಬಗ್ಗೆ ಎರಡು ಮಾತಿರಲಿಲ್ಲ. ಕಾಲುವೆಗೆ ನೀರು ಬಂದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಹಸಿ ಮೇವಾಯಿತು, ಮೇವಾದ ಮೇಲೆ ಎಮ್ಮೆಗಳಾದವು, ಎಮ್ಮೆಗಳಾದ ಮೇಲೆ ಹೆಣ್ಣುಮಕ್ಕಳು ತುಪ್ಪದ ಡಬ್ಬಿ ಹಿಡಿದು ಶಹಾಪುರದ ಬಸ್ಸು ಹತ್ತತೊಡಗಿದರು. ಅವರೆಲ್ಲ ಬಂದು ನಿಲ್ಲುತ್ತಿದ್ದುದು ಖಂಡಪ್ಪನ ಅಂಗಡಿಯ ಮುಂದೆ.

ಅವನು ಡಬ್ಬಿಯಲ್ಲಿ ಕಿರುಬೆರಳು ಅದ್ದಿ, ಎಡಗೈಯ ಹಿಂಬದಿಗೆ ತಿಕ್ಕಿ, ಕಣ್ಣು ಮುಚ್ಚಿ ಮೂಸುತ್ತಿದ್ದ. ಮೂಸಿ, “ಎಮ್ಮಿ ಶೇಂಗಾಹೊಟ್ಟು ತಿಂದದ” ಎನ್ನುತ್ತಿದ್ದ. “ಬೆಣ್ಣಿ ವಾರಗಟ್ಟಲೆ ಕೂಡಿಟ್ಟು ಕಾಸೀರಿ” ಎನ್ನುತ್ತಿದ್ದ. ಒಮ್ಮೆ ಒಬ್ಬಳಿಗೆ, “ಕಾಸಾಗ ಯಾರ ಸಂಗಡಾನೋ ಜಗಳ ಮಾಡೀಯಲ್ಲ, ತಳ ಹತ್ತ್ಯದ” ಎಂದು ಹೇಳಿದಾಗ, ಅವಳು ಹೌದೆಂದು ತಲೆಯಾಡಿಸಿದ್ದಳು. ರಂಗಂಪೇಟೆಯಿಂದ ಯಾದಗಿರಿಯವರೆಗೆ ಮದುವೆಯ ಹೋಳಿಗೆಗೆ ತುಪ್ಪ ಬೇಕೆಂದರೆ ಖಂಡಪ್ಪ ಮೂಸಿದ ತುಪ್ಪವೇ ಆಗಬೇಕಿತ್ತು.

ಅಂಥ ಮೂಗಿಗೆ ಒಂದು ಚಳಿಗಾಲ ನೆಗಡಿ ಹತ್ತಿತು. ಚಳಿಗಾಲ ಹೋಯಿತು, ನೆಗಡಿ ಹೋಗಲಿಲ್ಲ. ಹಣೆ ಭಾರ, ಕಣ್ಣಿನ ಹಿಂದೆ ನೋವು, ಮಾತಾಡಿದರೆ ಗಡಿಗೆಯೊಳಗಿಂದ ಮಾತಾಡಿದಂಥ ದನಿ. ಶುಂಠಿ ಕಷಾಯ ಆಯಿತು, ಬಿಸಿನೀರಿನ ಹಬೆ ಆಯಿತು. ಆಮೇಲೊಂದು ಮುಂಜಾನೆ, ಹಳ್ಳಿಯಿಂದ ಬಂದ ಲಾಲಮ್ಮನ ತುಪ್ಪವನ್ನು ಕೈಗೆ ತಿಕ್ಕಿ ಮೂಸಿದವನು ಹಾಗೇ ಕುಳಿತುಬಿಟ್ಟ. ಇನ್ನೊಮ್ಮೆ ಮೂಸಿದ. ಕೈ ಇತ್ತು, ತುಪ್ಪವಿತ್ತು, ವಾಸನೆ ಇರಲಿಲ್ಲ. ಬಾವಿಗೆ ಕೊಡ ಬಿಟ್ಟರೆ ನೀರಿನ ಸದ್ದೇ ಬಾರದಂತಾಗಿತ್ತು ಅವನಿಗೆ.

“ಏನಾತ್ರಿ ಸಾವ್ಕಾರ್ರ?” ಎಂದಳು ಲಾಲಮ್ಮ. ಎರಡು ಎಮ್ಮೆ ಕಟ್ಟಿದ್ದ ಗಟ್ಟಿ ಹೆಂಗಸು. ಅವಳ ದನಿ ಅವಳಿಗಿಂತ ಮೊದಲು ಓಣಿಗೆ ಬರುತ್ತಿತ್ತು.

“ಛಲೋ ಅದ, ಬಾಳ ಛಲೋ ಅದ,” ಎಂದ ಖಂಡಪ್ಪ. ಅಂದಿನಿಂದ ಯಾರ ತುಪ್ಪ ತಂದರೂ ಬಾಳ ಛಲೋ ಇರತೊಡಗಿತು.

ಈ ಗುಟ್ಟನ್ನು ಅವನು ಹೆಂಡತಿ ಮಾನಮ್ಮನಿಗೂ ಹೇಳಿರಲಿಲ್ಲ. ಬಯಲು ಮಾಡಿದ್ದು ಬೆಕ್ಕು. ಮಂಚದ ಮೇಲೆ ತೆಗೆದಿಟ್ಟ ಅಂಗಿಯ ಮೇಲೆ ಅದು ತನ್ನ ಕೆಲಸ ಮುಗಿಸಿ ಹೋಗಿತ್ತು. ಖಂಡಪ್ಪ ಅದೇ ಅಂಗಿ ಝಾಡಿಸಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಉಪ್ಪಿಟ್ಟು ತಿನ್ನಲು ಕುಳಿತ. ಮಾನಮ್ಮ ಸೆರಗಿನಿಂದ ಮೂಗು ಮುಚ್ಚಿ ಅವನನ್ನೇ ನೋಡಿದಳು.

“ರೀ, ನಿಮಗ ಏನೂ ವಾಸನಿ ಬರಾಕತ್ತಿಲ್ಲೇನು?”

“ಬರಾಕತ್ತದ. ಉಪ್ಪಿಟ್ಟಿಗೆ ಕರಿಬೇವು ಛಲೋ ಹಾಕೀದಿ.”

“ಉಪ್ಪಿಟ್ಟಿಗೆ ಇವತ್ತ ಕರಿಬೇವ ಹಾಕಿಲ್ಲ,” ಎಂದಳು ಮಾನಮ್ಮ.

ಖಂಡಪ್ಪ ತಾಟು ಬದಿಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ಯಾರ ಮುಂದೂ ಬಾಯಿ ಬಿಡಬ್ಯಾಡ. ಮಂದಿ ನನ್ನ ನೋಡಿ ಬರೂದಿಲ್ಲ, ಮೂಗು ನೋಡಿ ಬರ್ತಾರ.”

ಮಾನಮ್ಮ ಗಂಡನನ್ನು ಬೈಯುವುದರಲ್ಲಿ ಹಿಂದೆ ಬಿದ್ದವಳಲ್ಲ. ಆದರೆ ಅವನು ಹೀಗೆ ಮುಖ ಮುಚ್ಚಿ ಕುಳಿತದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಮರುದಿನದಿಂದ ಬತ್ತಿ ಹೊಸೆಯುವ ನೆಪ ಮಾಡಿಕೊಂಡು ಅಂಗಡಿಯಲ್ಲಿ ಗಂಡನ ಪಕ್ಕ ಚಾಪೆ ಹಾಕಿದಳು. ತುಪ್ಪದ ಡಬ್ಬಿಯ ಮುಚ್ಚಳ ತೆಗೆದಾಗ ಬಾಗಿ ಉಸಿರೆಳೆದು, ಶುದ್ಧವಿದ್ದರೆ ಬಳೆಯನ್ನು ಒಮ್ಮೆ ಅಲುಗಿಸುವಳು. ಕಲಬೆರಕೆಯಿದ್ದರೆ ಎರಡು ಸಲ. ಖಂಡಪ್ಪ ಕಣ್ಣು ಮುಚ್ಚಿ ಕೈ ಮೂಸುತ್ತ ಬಳೆಯ ಸದ್ದಿಗೆ ಕಾಯುವನು. ಓಣಿಯವರು, “ಈ ವಯಸ್ಸಿನಾಗ ಗಂಡ ಹೆಂಡತಿ ಎಷ್ಟು ಪ್ರೀತಿ ನೋಡ್ರಿ” ಎಂದು ಮಾತಾಡಿಕೊಂಡರು.

ವ್ಯವಸ್ಥೆ ವರ್ಷದ ಮೇಲೆ ಚೆನ್ನಾಗಿಯೇ ನಡೆಯಿತು. ಆದರೆ ಮಾನಮ್ಮನ ಮೂಗಿಗೆ ಒಂದು ಗುಣವಿತ್ತು, ಅದು ತುಪ್ಪದ ಜೊತೆಗೆ ತುಪ್ಪ ತಂದವರನ್ನೂ ಮೂಸುತ್ತಿತ್ತು. ಶ್ರಾವಣದ ಒಂದು ಮುಂಜಾನೆ ಲಾಲಮ್ಮ ಅಂಗಡಿಗೆ ಬಂದವಳೇ, “ಏನ ಮಾನಮ್ಮ, ಈ ಸೀರಿ ಇನ್ನೂ ಉಡ್ತೀಯೇನು? ನಮ್ಮ ಕಡಿ ಇಂಥಾವ ಈಗ ಎಮ್ಮಿ ಕರಕ್ಕ ಹೊಚ್ಚತಾರ” ಎಂದು ನಕ್ಕಳು. ತಮಾಷೆಗೆ ಅಂದದ್ದು. ಖಂಡಪ್ಪ ಕಣ್ಣು ಮುಚ್ಚಿ ಕೈ ಮೂಸಿದ. ಪಕ್ಕದಲ್ಲಿ ಬಳೆ ಒಮ್ಮೆ ಸದ್ದಾಯಿತು. ಸ್ವಲ್ಪ ತಡೆದು, ಇನ್ನೊಮ್ಮೆ, ಜೋರಾಗಿ.

“ಲಾಲವ್ವ, ಇದರಾಗ ವನಸ್ಪತಿ ಬೆರೆಸೀದಿ,” ಎಂದ ಖಂಡಪ್ಪ.

ಮುಂದಿನದನ್ನು ಓಣಿ ಬಹಳ ದಿನ ಮರೆಯಲಿಲ್ಲ. ಲಾಲಮ್ಮ ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದು ನಾಲ್ಕೂ ದಿಕ್ಕಿಗೆ ತೋರಿಸಿದಳು. ತನ್ನ ಎಮ್ಮೆಗಳ ಮೇಲೆ ಆಣೆ ಇಟ್ಟಳು. “ನನ್ನ ತುಪ್ಪಕ್ಕ ಹೆಸರಿಡ್ತೀಯೇನು ಖಂಡಪ್ಪ? ನಿನಗ ಕೊಬ್ಬು ಬಂದದ, ಕೊಬ್ಬು! ನಿನ್ನ ಉಸಿರು ಕಟ್ಟಲಿ!” ಎಂದಳು. ಚಹಾ ಅಂಗಡಿಯವರು, ಬಸ್ಸಿಗೆ ಕಾಯುತ್ತಿದ್ದವರು, ಬಸ್ಸಿನ ಕಂಡಕ್ಟರ್ ಸಹ ಬಂದು ನಿಂತರು.

ಖಂಡಪ್ಪನ ಹಣೆ ಸಿಡಿಯತೊಡಗಿತು. ಎದುರಿನ ಪಾನ್ ಡಬ್ಬಿ ಅಂಗಡಿಯ ಬಾಷುಮಿಯಾ ಕೈ ಮಾಡಿ ಕರೆದ. “ಬಾರಣ್ಣಾ, ಆ ಹೆಣ್ಮಗಳ ಜೊತಿ ವಾದ ಮಾಡಿ ಯಾರು ಗೆದ್ದಾರ? ಇದೊಂದು ತಲಿನೋವಿನ ಗುಳಿಗಿ ತಗೋ, ಬಿಲ್ಕುಲ್ ಆರಾಮ ಆಗ್ತದ.” ಖಂಡಪ್ಪ ಗುಳಿಗೆ ನುಂಗಿ ನೀರು ಕುಡಿದ.

ಅರ್ಧ ತಾಸು ಆಗಿರಲಿಕ್ಕಿಲ್ಲ. ಮೊದಲು ಮೂಗಿನಿಂದ ನೀರು ಇಳಿಯಿತು. ಮುಖ ಕೆಂಪಾಯಿತು. ಎದೆಯನ್ನು ಯಾರೋ ಹಗ್ಗ ಹಾಕಿ ಬಿಗಿದಂತೆ ಆಗಿ, ಉಸಿರಾಡಿದರೆ ಒಳಗಿನಿಂದ ಹಳೆಯ ಪೆಟ್ಟಿಗೆಯ ಮುಚ್ಚಳ ತೆರೆದಂಥ ಸದ್ದು ಬಂತು. ಇನ್ನೂ ಬೈಯುತ್ತಲೇ ಇದ್ದ ಲಾಲಮ್ಮ ನಡುವೆ ನಿಲ್ಲಿಸಿ ಅವನ ಮುಖ ನೋಡಿದಳು. ಎಲ್ಲರೂ ಅವಳ ಮುಖ ನೋಡಿದರು.

“ಅಯ್ಯ ಶಿವನ,” ಎಂದಳು ಲಾಲಮ್ಮ ಸಣ್ಣ ದನಿಯಲ್ಲಿ. ಅವಳ ಸಣ್ಣ ದನಿಯನ್ನು ಓಣಿ ಕೇಳಿದ್ದು ಅದೇ ಮೊದಲು. “ನಾ ಸುಮ್ಮನ ಬಾಯಿಗೆ ಬಂದದ್ದು ಅಂದೆ. ಖರೇನ ಕಟ್ಟಲಿ ಅಂತ ಅಲ್ಲ.”

ಆಟೋದಲ್ಲಿ ಖಂಡಪ್ಪನ ಒಂದು ಕಡೆ ಮಾನಮ್ಮ ಕುಳಿತಳು, ಇನ್ನೊಂದು ಕಡೆ ಲಾಲಮ್ಮ. ತೊಡೆಯ ಮೇಲೆ ತುಪ್ಪದ ಡಬ್ಬಿ. ದಾರಿಯುದ್ದಕ್ಕೂ ಅವಳು, “ಹಿಂದಕ್ಕ ತಗೊಂಡೆ, ಅಂದದ್ದು ಹಿಂದಕ್ಕ ತಗೊಂಡೆ” ಎಂದು ಯಾರಿಗೋ ಹೇಳುತ್ತಲೇ ಇದ್ದಳು.

ದವಾಖಾನೆಯ ಡಾಕ್ಟರು ಜಹೀರುನ್ನೀಸಾ ಸುರಪುರದ ಕಡೆಯವರು. ಮಾತು ಚುಟುಕು, ಕೈ ಚುರುಕು. ಖಂಡಪ್ಪನ ಮುಖಕ್ಕೆ ಎತ್ತಿನ ಬಾಯಿಗೆ ಕಟ್ಟುವ ಮುಸುಕಿಯಂಥದ್ದೊಂದು ಕಟ್ಟಿ ಔಷಧದ ಹೊಗೆ ಕೊಟ್ಟರು, ಒಂದು ಸೂಜಿ ಚುಚ್ಚಿದರು. ನಿಧಾನವಾಗಿ ಎದೆಯ ಹಗ್ಗ ಸಡಿಲಾಯಿತು. ಅವನು ಪೂರ್ತಿ ಸುಧಾರಿಸಿಕೊಂಡ ಮೇಲೆ ಡಾಕ್ಟರು ಕುರ್ಚಿ ಎಳೆದು ಕುಳಿತರು.

“ಇದಕ್ಕಿಂತ ಮೊದಲ ಹಿಂಗ ಆಗಿತ್ತೇನು ಕಾಕಾ?”

“ಆಗಿತ್ರಿ. ಭೀಮರಾಯನಗುಡಿ ಕ್ಯಾಂಪಿನಾಗ ಒಂದು ಮದಿವ್ಯಾಗ ಆಗಿತ್ತು. ನೆಲ್ಲಿನ ಹೂವಿನ ಗಾಳಿ ಬಡದದ ಅಂದ್ರು. ಮತ್ತ ಸುರಪುರದಾಗ ನಮ್ಮಕ್ಕನ ಮನ್ಯಾಗ. ಅದು ಬದನಿಕಾಯಿ ಪಲ್ಯೆದಿಂದರಿ.”

“ಆಗ ತಲಿನೋವಿಗೆ ಗುಳಿಗಿ ತಗೊಂಡಿದ್ರೇನು?”

ಖಂಡಪ್ಪ ನೆನಪು ಮಾಡಿಕೊಂಡ. ಮದುವೆಯಲ್ಲಿ ಬ್ಯಾಂಡಿನ ಸದ್ದಿಗೆ ತಲೆನೋವು ಬಂದಿತ್ತು, ಗುಳಿಗೆ ನುಂಗಿದ್ದ. ಅಕ್ಕನ ಮನೆಯಲ್ಲಿ ಅಕ್ಕನ ಮಾತಿಗೆ ತಲೆನೋವು ಬಂದಿತ್ತು, ಗುಳಿಗೆ ನುಂಗಿದ್ದ.

“ಹೌದ್ರಿ,” ಎಂದ.

“ಪಾಪ, ನಿಮ್ಮಕ್ಕನ ಬದನಿಕಾಯಿಗೆ ಸುಮ್ಮನ ಬೈದ್ರಿ,” ಎಂದಳು ಮಾನಮ್ಮ.

ಡಾಕ್ಟರು ಬ್ಯಾಟರಿ ಹಿಡಿದು ಮೂಗಿನೊಳಗೆ ಇಣುಕಿದರು. “ಎರಡೂ ಕಡಿ ದುರ್ಮಾಂಸ ಬೆಳದಾವ. ಸಿಪ್ಪಿ ಸುಲಿದ ದ್ರಾಕ್ಷಿ ಗೊಂಚಲ ಇದ್ದಂಗ ಅದಾವ. ವಾಸನಿ ಬರ್ತದೇನು ನಿಮಗ?”

ಖಂಡಪ್ಪ ಬಾಗಿಲ ಕಡೆ ನೋಡಿದ. ಅಲ್ಲಿ ಲಾಲಮ್ಮ ಡಬ್ಬಿ ಹಿಡಿದು ನಿಂತಿದ್ದಳು. “ಬರ್ತದ್ರಿ,” ಎಂದ. “ಶಹಾಪುರದಾಗ ನನ್ನಷ್ಟು ಯಾರಿಗೂ ಬರೂದಿಲ್ಲ.”

“ಹಂಗಾದ್ರ ಕಣ್ಣು ಮುಚ್ಚರಿ.” ಡಾಕ್ಟರು ದವಾಖಾನೆಯ ಕೆಲಸದ ಶರೀಫಾಬೀಯನ್ನು ಕರೆದು ಒಳಗಿನ ಅಡುಗೆಮನೆಯಿಂದ ಇಂಗಿನ ಡಬ್ಬಿ ತರಿಸಿದರು. ಮುಚ್ಚಳ ತೆಗೆದದ್ದೇ ತಡ, ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ರೋಗಿಯೊಬ್ಬ ಸೀನಿದ. ಡಬ್ಬಿಯನ್ನು ಖಂಡಪ್ಪನ ಮೂಗಿನ ಕೆಳಗೆ ಹಿಡಿದು, “ಇದೇನು ಹೇಳ್ರಿ” ಎಂದರು.

ಖಂಡಪ್ಪ ಉಸಿರೆಳೆದು ಕಾದ. ಮಾನಮ್ಮನ ಬಳೆಗೆ ಗೊತ್ತಿದ್ದದ್ದು ಎರಡೇ ಮಾತು, ಇಂಗು ಅನ್ನುವುದು ಅದರಲ್ಲಿ ಇರಲಿಲ್ಲ. ತುಪ್ಪವಂತೂ ಅಲ್ಲವಲ್ಲ ಎಂದುಕೊಂಡು ಎರಡು ಸಲ ಅಲುಗಿಸಿದಳು.

“ವನಸ್ಪತಿ ಬೆರೆಸ್ಯಾರ,” ಎಂದ ಖಂಡಪ್ಪ ಗಂಭೀರವಾಗಿ.

ಶರೀಫಾಬೀ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಡಾಕ್ಟರು ಮಾನಮ್ಮನ ಕೈ ನೋಡಿದರು, ಮುಖ ನೋಡಿದರು. ಲಾಲಮ್ಮನ ಕೈಯಿಂದ ತುಪ್ಪದ ಡಬ್ಬಿ ಇಸಿದುಕೊಂಡು ಅವನ ಮೂಗಿನ ಕೆಳಗೆ ಹಿಡಿದರು. ಘಮ್ಮೆಂದು ಕೋಣೆಯೆಲ್ಲ ತುಂಬಿತು. ಮುಂಜಾನೆಯ ಸಿಟ್ಟು ಆಟೋದಲ್ಲೇ ಇಳಿದುಹೋಗಿದ್ದ ಮಾನಮ್ಮ ಈ ಸಲ ಒಮ್ಮೆ ಅಲುಗಿಸಿದಳು.

“ಇದು ನೋಡ್ರಿ, ಇದು ಶುದ್ಧ ಎಮ್ಮಿ ತುಪ್ಪ! ಎಂಥಾ ಘಮ!” ಎಂದು ಕಣ್ಣು ತೆರೆದ ಖಂಡಪ್ಪನಿಗೆ ಎದುರಿಗೆ ಲಾಲಮ್ಮನ ಡಬ್ಬಿ ಕಂಡಿತು, ಅದರ ಹಿಂದೆ ಲಾಲಮ್ಮನೂ ಕಂಡಳು.

“ಮತ್ತ ಮುಂಜಾನಿ?” ಎಂದಳು ಲಾಲಮ್ಮ. “ಮುಂಜಾನಿ ವನಸ್ಪತಿ ಇತ್ತು, ಆಟೋದಾಗ ಬರಾಗ ತುಪ್ಪ ಆತೇನು?”

“ಅಕ್ಕಾ, ನೀವು ಕೈ ಕಟ್ಟಿ ಕೂಡ್ರಿ,” ಎಂದರು ಡಾಕ್ಟರು ಮಾನಮ್ಮನಿಗೆ. “ಕಾಕಾ, ಇನ್ನೊಮ್ಮಿ ಕಣ್ಣು ಮುಚ್ಚರಿ.”

ಈ ಸಲ ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ಖಂಡಪ್ಪ ಉಸಿರೆಳೆದ. ಮತ್ತೆ ಎಳೆದ. ಮುಚ್ಚಿದ ಕಣ್ಣಿನ ಅಂಚಿನಲ್ಲಿ ನೀರು ಬಂತು.

“ಏನೂ ಇಲ್ಲರಿ ಡಾಕ್ಟರಮ್ಮ. ಎರಡು ವರ್ಷ ಆತು, ಏನೂ ಇಲ್ಲ.”

ಬೈಯಲು ಬಾಯಿ ತೆರೆದಿದ್ದ ಲಾಲಮ್ಮ ಹಾಗೇ ಮುಚ್ಚಿಕೊಂಡು ಬೆಂಚಿನ ತುದಿಗೆ ಕುಳಿತಳು.

“ಇದು ಎಲ್ಲಾ ಒಂದ ರೋಗ ಕಾಕಾ,” ಎಂದರು ಡಾಕ್ಟರು. “ಮೂಗಿನ ದುರ್ಮಾಂಸ, ದಮ್ಮು, ಈ ಗುಳಿಗಿ ಆಗಿಬರದಿರೋದು, ಮೂರೂ ಕೂಡೇ ಬರ್ತಾವ. ಕೇಳ್ರಿ. ನಮ್ಮ ಮೈಯಾಗಿನ ಒಂದೊಂದು ಕಣದ ಗ್ವಾಡಿನೂ ಕೊಬ್ಬಿನಿಂದ ಆಗ್ಯದ. ಮೈ ಒಂದು ಕಡಿಯಿಂದ ಇನ್ನೊಂದು ಕಡಿಗೆ ಸುದ್ದಿ ಕಳಸಬೇಕಾದ್ರ, ಆ ಗ್ವಾಡಿಯಿಂದ ಒಂದೀಟು ಕೊಬ್ಬು ಕಿತ್ತು ಅದರಿಂದ ಸುದ್ದಿಗಾರರನ್ನ ಮಾಡ್ತದ. ಒಟ್ಟಿನಾಗ ನಿಮ್ಮ ತ್ರಾಸ ಎಲ್ಲಾ ಕೊಬ್ಬಿನಿಂದ—”

“ಇವಗ ಕೊಬ್ಬು ಅದ ಅಂತ ನಾ ಮುಂಜಾನೇನ ಹೇಳಿದ್ದೆ!” ಲಾಲಮ್ಮನಿಗೆ ತಡೆಯಲಾಗಲಿಲ್ಲ.

“ಈ ಕೊಬ್ಬು ನಿನಗೂ ಅದ, ನನಗೂ ಅದ, ಸುಮ್ಮನ ಕೂಡು,” ಎಂದರು ಡಾಕ್ಟರು. “ಆ ಸುದ್ದಿ ತಯಾರಾಗಾಕ ಎರಡು ದಾರಿ. ಕಾಲುವಿಗೆ ಒಂದು ಕಡಿ ಗೇಟ್ ಬಂದ್ ಮಾಡಿದ್ರ ನೀರು ಏನಾಗ್ತದ?”

“ಇನ್ನೊಂದು ಕಡಿ ನುಗ್ತದ. ಹ್ವಾದ ವರ್ಷ ನಮ್ಮ ಸಸಿಮಡಿ ಎಲ್ಲಾ ಕೊಚ್ಚಿಕೊಂಡು ಹೋಗಲಿಲ್ಲೇನು?” ಎಂದಳು ಲಾಲಮ್ಮನೇ.

“ಬರೋಬ್ಬರಿ. ಒಂದು ದಾರ್ಯಾಗ ನೋವು, ಜ್ವರದ ಸುದ್ದಿ ಹೋಗ್ತದ. ಉಸಿರಿನ ಕೊಳವಿಗೆ ‘ಸಡಲ ಇರು’ ಅಂತ ಹೇಳೋದೂ ಆ ದಾರಿ ಕೆಲಸ. ಇನ್ನೊಂದು ದಾರ್ಯಾಗ ‘ಬಿಗಿ, ಊದು, ನೀರು ಸುರಸು’ ಅಂತ ಹೇಳೋ ಸುದ್ದಿ ಹೋಗ್ತಾವ. ತಲಿನೋವಿನ ಗುಳಿಗಿ ಮೊದಲ್ನೇ ಗೇಟ್ ಬಂದ್ ಮಾಡ್ತದ. ಬಾಳ ಮಂದಿಗೆ ಅದರಿಂದ ಏನೂ ಆಗೂದಿಲ್ಲ, ನೋವು ಹೋಗ್ತದ ಅಷ್ಟ. ನಿಮ್ಮಂಥ ಕೆಲವರಿಗೆ ಎಲ್ಲಾ ಇನ್ನೊಂದು ಕಡಿ ನುಗ್ತದ. ಹಂಗ ನುಗ್ಗಾವಕ್ಕ ಲ್ಯೂಕೋಟ್ರೈನ್ ಅಂತಾರ.”

“ಟ್ರೇನ್ ಏನ್ರಿ?” ಖಂಡಪ್ಪ ಬೆಚ್ಚಿ ಎದ್ದು ಕುಳಿತ. “ಶಹಾಪುರಕ್ಕ ಟ್ರೇನೇ ಇಲ್ಲಲ್ರಿ, ಯಾದಗಿರಿಗೆ ಹೋಗಬೇಕು.”

“ನಿಮ್ಮ ಎದಿಯಾಗ ಅದ ಕಾಕಾ. ಮುಂಜಾನಿ ಸೀಟಿ ಹೊಡೀತಲ್ಲ?” ಡಾಕ್ಟರು ಮೊದಲ ಸಲ ನಕ್ಕರು. “ಆದ್ರ ಸುದ್ದಿ ಹೊಂಟ್ರ ಸಾಲದು, ಕೇಳಾಕ ಕಿವಿ ಬೇಕು. ಉಸಿರಿನ ಕೊಳವಿ ಮ್ಯಾಲ ಅಂಥಾ ಕಿವಿ ಅದಾವ, ಅವಕ್ಕ ರಿಸೆಪ್ಟರ್ ಅಂತಾರ. ನಾ ಕೊಡೋ ಗುಳಿಗಿ ಆ ಕಿವಿಯಾಗ ಅರಳಿ ಇಟ್ಟಂಗ. ಸುದ್ದಿ ಬಂದು ಬಾಗಿಲಾ ಬಡದ್ರೂ ಕೇಳಸಂಗಿಲ್ಲ.”

ಖಂಡಪ್ಪನಿಗೆ ಇದು ಥಟ್ಟನೆ ತಿಳಿಯಿತು. “ಇಕಿ ಬಳಿ ಬಾರಿಸ್ತಾಳ, ನನಗ ಕಿವಿ ಕೇಳಸಂಗಿಲ್ಲ. ಹಂಗ ಅಲ್ರಿ?”

“ಹಂಗ,” ಎಂದರು ಡಾಕ್ಟರು. ಗುಳಿಗೆ ಬರೆದರು, ಎದೆಗೆ ಎಳೆದುಕೊಳ್ಳಲು ಪಂಪು ಕೊಟ್ಟರು, ಕಲಬುರಗಿಗೆ ಹೋಗಿ ದುರ್ಮಾಂಸ ತೆಗೆಸಬೇಕೆಂದರು. ಅಂಥ ನೋವಿನ ಗುಳಿಗೆಯನ್ನು ಜನ್ಮದಲ್ಲಿ ಮುಟ್ಟಬಾರದೆಂದು, ಯಾವ ದವಾಖಾನೆಗೆ ಹೋದರೂ ಮೊದಲು ಇದನ್ನೇ ಹೇಳಬೇಕೆಂದು ಮೂರು ಸಲ ಒಪ್ಪಿಸಿದರು.

ಲಾಲಮ್ಮ ಹೊರಗೆ ಬಂದು, “ನಾ ಯಾರ ಮುಂದೂ ಹೇಳೂದಿಲ್ಲ” ಎಂದಳು. ಹಾಗೆ ಹೇಳಿದ್ದು ಸುಳ್ಳಲ್ಲ, ಅವಳಿಗೆ ಖರೇನೇ ಹೇಳುವ ಮನಸ್ಸಿರಲಿಲ್ಲ. ಆದರೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವಳು, ‘ಯಾಕ ಸುಮ್ಮನ ಕುಂತೀ’ ಎಂದು ಕೇಳಿಬಿಟ್ಟಳು. ಲಾಲಮ್ಮ ಸುಮ್ಮನೆ ಕುಳಿತರೆ ಯಾರಾದರೂ ಕೇಳುವಂಥದ್ದೇ. ಖಂಡಪ್ಪನಿಗೆ ಕೊಬ್ಬಿನ ರೋಗ ಬಂದಿದೆ, ಎದೆಯೊಳಗೆ ಟ್ರೇನು ಓಡಾಡುತ್ತದೆ, ಕಿವಿಯಲ್ಲಿ ಅರಳೆ ಇಟ್ಟರೆ ವಾಸಿಯಾಗುತ್ತದೆ ಎಂಬ ಸುದ್ದಿ ರಂಗಂಪೇಟೆ ದಾಟಿ ಹೋಯಿತು. ಕೆಲವರು ಅವನನ್ನು ನೋಡಲು ಬಂದು, ಕಿವಿ ನೋಡಿಕೊಂಡು ಹೋದರು.

ಬಾಷುಮಿಯಾ ಮಾತ್ರ ಎರಡು ದಿನ ಪಾನ್ ಡಬ್ಬಿ ತೆರೆಯಲಿಲ್ಲ. ಮೂರನೆಯ ದಿನ ಬಂದು ಖಂಡಪ್ಪನ ಮುಂದೆ ನಿಂತು, “ಅಣ್ಣಾ, ನನ್ನ ಕೈಯಾರ ಕೊಟ್ಟೆನಲ್ಲ” ಎಂದು ಕಣ್ಣು ಒರೆಸಿಕೊಂಡ. “ನನ್ನ ಮೈಯಾಗ ಎರಡು ಕಾಲುವಿ ಅದಾವ ಅಂತ ನಿನಗ ಹೆಂಗ ಗೊತ್ತಾಗಬೇಕು ಬಾಷುಭಾಯಿ? ನನಗೇ ಗೊತ್ತಿದ್ದಿಲ್ಲ,” ಎಂದು ಖಂಡಪ್ಪನೇ ಅವನಿಗೆ ಸಮಾಧಾನ ಹೇಳಿ ಚಹಾ ತರಿಸಿದ.

ಕಲಬುರಗಿಯಲ್ಲಿ ದುರ್ಮಾಂಸ ತೆಗೆದರು. ಮೂಗಿನಲ್ಲಿ ತುಂಬಿದ್ದ ಬಟ್ಟೆ ತೆಗೆದ ಮೇಲೂ ಕೆಲವು ವಾರ ವಾಸನೆ ಬರಲಿಲ್ಲ. ಬರುವುದೇ ಇಲ್ಲವೆಂದು ಖಂಡಪ್ಪ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ತಪಾಸಣೆಗೆ ಹೋಗಿ ಮರಳುವಾಗ, ಭೀಮರಾಯನಗುಡಿ ಹತ್ತಿರ ಬಂದಾಗ, ಬಸ್ಸಿನ ಕಿಟಕಿಯಿಂದ ನೀರು ಕಟ್ಟಿದ ಗದ್ದೆಯ ಹಸಿಮಣ್ಣಿನ ವಾಸನೆ ಸುಳಿಯಿತು. ಅವನು ಮಾನಮ್ಮನ ಮುಂಗೈ ಗಟ್ಟಿಯಾಗಿ ಹಿಡಿದ. “ಕೆಸರು,” ಎಂದ. “ಮಾನಿ, ಕೆಸರಿನ ವಾಸನಿ!” ಕೆಸರಿಗೆ ಅಷ್ಟು ಸಂತೋಷಪಟ್ಟವನನ್ನು ಆ ಬಸ್ಸಿನಲ್ಲಿ ಯಾರೂ ನೋಡಿರಲಿಲ್ಲ.

ಆ ಸಂತೋಷದಲ್ಲೇ ನೆಟ್ಟಗೆ ಅಂಗಡಿಗೆ ಹೋಗಿ ಬಾಗಿಲು ತೆರೆದ. ತೆರೆದು ಒಂದು ಹೆಜ್ಜೆ ಹಿಂದೆ ಸರಿದ. ಒಳಗೆ ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದ ಡಬ್ಬಿಗಳಿಂದ ಮಾಸಿದ ಎಣ್ಣೆಯ ಕಮಟು ರಾಚುತ್ತಿತ್ತು. ಒಂದೊಂದೇ ಮುಚ್ಚಳ ತೆಗೆದು ಕೈಗೆ ತಿಕ್ಕಿ ಮೂಸಿದ. ಅರ್ಧ ವನಸ್ಪತಿ, ಉಳಿದರ್ಧ ಯಾವ ಕಾಲದ್ದೋ.

“ಇವು ಯಾರವು?”

ಮಾನಮ್ಮ ಬತ್ತಿ ಹೊಸೆಯತೊಡಗಿದಳು. “ನಮ್ಮ ಅಂಬ್ರಪ್ಪಂದು.” ಅಂಬ್ರಪ್ಪ ರಂಗಂಪೇಟೆಯಲ್ಲಿದ್ದ ಅವಳ ತಮ್ಮ.

“ಇದಕ್ಕ ನೀ ಒಂದ ಸಲ ಬಳಿ ಬಾರಿಸಿದ್ದೀಯೇನು?”

“ನಾ ಏನ್ ಮಾಡ್ಲಿರಿ? ಮುಚ್ಚಳ ತೆಗೆದ್ರ ತವರಮನಿ ವಾಸನಿ ಬಂತು. ಅದಕ್ಕ ಎರಡು ಸಲ ಬಾರಿಸಾಕ ನನ್ನ ಕೈ ಏಳಲಿಲ್ಲ.”

ಖಂಡಪ್ಪ ಬೈಯಬೇಕೆಂದು ಬಾಯಿ ತೆರೆದ, ನಗು ಬಂತು. ನಕ್ಕು ನಕ್ಕು ಕೆಮ್ಮು ಹತ್ತಿ, ಮಾನಮ್ಮ ಗಾಬರಿಯಾಗಿ ಪಂಪು ಹುಡುಕಿ ತಂದು ಬಾಯಿಗೆ ಹಿಡಿದಳು. ಡಬ್ಬಿಗಳು ಮರುದಿನವೇ ಸಾಬೂನು ಕುದಿಸುವವರ ಮನೆಗೆ ಹೋದವು, ಅಂಬ್ರಪ್ಪನಿಗೆ ಹೇಳಿ ಕಳಿಸಬೇಕಾದ್ದನ್ನು ಮಾನಮ್ಮನೇ ಹೇಳಿ ಕಳಿಸಿದಳು.

ಮೂಗು ಬಂದದ್ದರಿಂದ ತೊಂದರೆಗಳೂ ಬಂದವು. ಅಂಗಡಿಯ ಬದಿಗೆ ಗಟಾರ ಹರಿಯುತ್ತಿತ್ತು. ಖಂಡಪ್ಪ ಅದರ ಪಕ್ಕದಲ್ಲೇ ಎರಡು ವರ್ಷ ಆರಾಮವಾಗಿ ಕುಳಿತು ಊಟ ಮಾಡಿದ್ದ. ಈಗ ಟವೆಲ್ಲಿನಿಂದ ಮೂಗು ಕಟ್ಟಿಕೊಂಡು, “ಈ ಓಣ್ಯಾಗ ಮನುಷ್ಯಾರು ಹೆಂಗ ಇರ್ತಾರ?” ಎಂದು ಬಾಷುಮಿಯಾನನ್ನು ಕೇಳಿದ. “ನೀ ಹೆಂಗ ಇದ್ದಿ ಅಂತ ನಾವು ಎರಡು ವರ್ಷದಿಂದ ಕೇಳಾಕತ್ತೇವಿ,” ಎಂದ ಬಾಷುಮಿಯಾ.

ಲಾಲಮ್ಮ ಬಂದದ್ದು ಅದೇ ವಾರ. ದೂರದಿಂದಲೇ, “ಮೂಗು ಬಂತಂತಲ್ಲ ಸಾವ್ಕಾರ್ರ!” ಎಂದಳು. ಡಬ್ಬಿಯನ್ನು ಮುಂದೆ ಕುಕ್ಕಿ, ಎರಡೂ ಕೈ ಸೊಂಟಕ್ಕೆ ಇಟ್ಟು ನಿಂತಳು. ಓಣಿಯವರು ಒಬ್ಬೊಬ್ಬರೇ ಬಂದು ನಿಂತರು. ಖಂಡಪ್ಪ ಟವೆಲ್ಲು ಬಿಚ್ಚಿ, ಬೆರಳು ಅದ್ದಿ, ಕೈಗೆ ತಿಕ್ಕಿ, ಕಣ್ಣು ಮುಚ್ಚಿದ. ಅವನ ಮುಖ ಅರಳಿತು. ಹುಬ್ಬು ಮೇಲೇರಿದವು. ಹಾಗೇ ಬಹಳ ಹೊತ್ತು ಕುಳಿತ.

“ಹೇಳ್ರಲ್ಲ,” ಎಂದಳು ಲಾಲಮ್ಮ.

“ಲಾಲವ್ವ, ಇಂಥಾ ತುಪ್ಪ ಶಹಾಪುರಕ್ಕ ಬಂದಿಲ್ಲ. ಹಸಿ ಮೇವು ಅದ, ಕಾಳು ಅದ, ಬೆಣ್ಣಿ ತಾಜಾ ಅದ.” ಓಣಿಯವರು ಹೋ ಎಂದರು. ಲಾಲಮ್ಮ ಸೆರಗು ಸರಿಮಾಡಿಕೊಂಡಳು. ಖಂಡಪ್ಪ ಇನ್ನೊಮ್ಮೆ ಮೂಸಿದ. “ಆದ್ರ ಇಳಿಸಾಗ ಸ್ವಲ್ಪ ತಡಾ ಮಾಡೀದಿ. ಒಂದು ಕೂದಲಷ್ಟು ಸೀದದ.”

“ಸೀದದ?” ಎಂದಳು ಲಾಲಮ್ಮ. “ನನ್ನ ತುಪ್ಪ ಸೀದದ?”

“ಒಂದು ಕೂದಲಷ್ಟು.”

ಲಾಲಮ್ಮ ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದು ನಾಲ್ಕೂ ದಿಕ್ಕಿಗೆ ತಿರುಗಿದಳು. ಬಾಯಿಗೆ ಬಂದದ್ದೆಲ್ಲ ಅಂದಳು. ಉಸಿರಿನ ಸುದ್ದಿ ಮಾತ್ರ ಎತ್ತಲಿಲ್ಲ.